ಬೀಗರ ಮನೆಯ ಮದ್ದು

ಚಾಮರಾಜಪೇಟೆ

ಬಾಣಂತನ ಮಾಡಲೆಂದು ವಿಮಾನ ಹತ್ತಿದ ಗಂಡಸು ಬೆಂಗಳೂರಿನಲ್ಲಿ ನನಗಿಂತ ಮೊದಲು ಯಾರಾದರೂ ಇದ್ದರೆ ದಯವಿಟ್ಟು ತಿಳಿಸಬೇಕು, ಇಬ್ಬರೂ ಸೇರಿ ಒಂದು ಸಂಘ ಕಟ್ಟೋಣ. ಉಳಿದವರು ಫಾರಿನ್ನಿಗೆ ಹೋಗುವುದು ಓದುವುದಕ್ಕೆ, ಇಲ್ಲವೇ ವಾಪಸು ಬಂದು ಓದಿದೆ ಎಂದು ಹೇಳಿಕೊಳ್ಳುವುದಕ್ಕೆ. ಅವೆನ್ಯೂ ರಸ್ತೆಯ ಬ್ಯಾಂಕೊಂದರಲ್ಲಿ ಗುಮಾಸ್ತನಾಗಿದ್ದ ನಾನು ಎಂಬತ್ತರ ದಶಕದ ಶುರುವಿನಲ್ಲಿ ಫಿನ್ಲೆಂಡಿಗೆ ಹೋದದ್ದು ತಂಗಿ ಶೈಲಾಳ ಹೆರಿಗೆಗೆ, ಸೂಟ್‌ಕೇಸಿನಲ್ಲಿ ಒಂದು ಸೀಸೆ ಬಾಣಂತಿ ಮದ್ದು ಇಟ್ಟುಕೊಂಡು.

ನ್ಯಾಯವಾಗಿ ಹೋಗಬೇಕಾದವಳು ಅಮ್ಮ. ಆದರೆ ಅವಳಿಗೆ ಮಂಡಿನೋವು, ಮಣಿಕಟ್ಟಿನ ನೋವು, ವಿಮಾನವೆಂದರೆ ಭಯ. ಇವೆಲ್ಲಕ್ಕಿಂತ ದೊಡ್ಡ ಅಡ್ಡಿ ಅಪ್ಪ. ಶೈಲಾ ಇಲ್ಲಿಗೆ ಯಂತ್ರ ಕೂರಿಸಲು ಬಂದಿದ್ದ ಯೂಹಾ ಎಂಬ ಎಂಜಿನಿಯರನನ್ನು ರಿಜಿಸ್ಟರ್ ಮದುವೆಯಾಗಿ, ಆಮೇಲೆ ಮನೆಗೆ ಬಂದು ಹೇಳಿದ್ದಳು. ಅಪ್ಪ ಕೂಗಾಡಲಿಲ್ಲ. ಕೂಗಾಡಿದ್ದರೆ ಬೀದಿಯವರೆಲ್ಲ ಬಂದು ಸಮಾಧಾನ ಮಾಡಿ, ಕಾಫಿ ಕುಡಿದು, ವಿಷಯ ಅಲ್ಲಿಗೆ ಮುಗಿಯುತ್ತಿತ್ತು. ಅವರು ಸುಮ್ಮನಾದರು. ಸರ್ಕಾರಿ ಕಚೇರಿಯಲ್ಲಿ ಕಡತ ಬಾಕಿ ಇಡುವುದರಲ್ಲಿ ಪಳಗಿದ ಕೈ ಅವರದು. ಮಗಳ ಕಡತವನ್ನೂ ಬಾಕಿ ಇಟ್ಟರು. ಅಂದಿನಿಂದ ಅವಳ ಹೆಸರು ಹೇಳಿದವರಲ್ಲ. ತೀರಾ ಹೇಳಲೇಬೇಕಾಗಿ ಬಂದರೆ ದೇಶದ ಹೆಸರು ಹೇಳುತ್ತಿದ್ದರು. "ಫಿನ್ಲೆಂಡಿನ ಕಾಗದ ಬಂದಿರೋ ಹಾಗಿದೆ," ಎನ್ನುವರು. ಅಥವಾ "ಫಿನ್ಲೆಂಡಿಗೆ ಮೈಲಿಗೆ ಗೀಲಿಗೆ ಏನೂ ಇಲ್ಲ ಬಿಡು" ಎನ್ನುವರು. ಅಳಿಯ ಅಲ್ಲ ಮಗಳ ಗಂಡ ಎಂದು ಗಾದೆಯವರು ತಮಾಷೆಗೆ ಹೇಳಿದ್ದನ್ನು ಅಪ್ಪ ಶಾಸ್ತ್ರವೆಂದು ಹಿಡಿದು, ಯೂಹಾನನ್ನು ಎರಡೂ ಅನ್ನದೆ ಬಿಟ್ಟರು.

ಶೈಲಾ ಬಸುರಿ ಎಂದು ತಿಳಿದಾಗ ಅಮ್ಮ ಗ್ರಂಧಿಗೆ ಅಂಗಡಿಯ ಚೀಟಿ ಬರೆಸಿದಳು. ಒಣಶುಂಠಿ, ಹಿಪ್ಪಲಿ, ಮೆಣಸು, ಓಮ, ಜಾಯಿಕಾಯಿ, ಇನ್ನೂ ಹೆಸರು ಗೊತ್ತಿಲ್ಲದ ಎಷ್ಟೋ ಬೇರು. ನಾನು ತಂದುಕೊಟ್ಟೆ. ಆಮೇಲೆ ಒಂದು ವಾರ ನಾನು ಹಾಸಿಗೆಯಲ್ಲಿ ಮಗ್ಗುಲು ಬದಲಿಸುವ ಹೊತ್ತಿಗೆ ಹಿತ್ತಲಿನಿಂದ ಒರಳಿನಲ್ಲಿ ಕುಟ್ಟುವ ಸದ್ದು ಬರುತ್ತಿತ್ತು. ಪಕ್ಕದ ಮನೆಯವರು ಗೊಣಗಿದರು. ಅಪ್ಪನೂ ಅದೇ ವಾರ ತೋಳು ಹಿಡಿದುಕೊಂಡಿದೆ ಎಂದು ಅಮೃತಾಂಜನ ಹಚ್ಚಿಕೊಂಡು ತಿರುಗುತ್ತಿದ್ದರು. ನ್ಯೂಸ್‌ಪೇಪರ್ ಹಿಡಿದು ಹಿಡಿದು ಹೀಗಾಗಿದೆ ಎಂದು ನಾನು ಅಮ್ಮನಿಗೆ ಹೇಳಿದೆ. ಅಮ್ಮ ನಗಲಿಲ್ಲ.

ಹೊರಡುವ ದಿನ ಅವಳು ಸೀಸೆಯ ಬಾಯಿಗೆ ಹಳೇ ಪಂಚೆಯ ತುಂಡು ಕಟ್ಟಿ ನನ್ನ ಕೈಗಿತ್ತಳು. ಜೊತೆಗೆ ಒಂದು ಕೆಲಸವನ್ನೂ ಹಚ್ಚಿದಳು.

"ಮಗು ಹುಟ್ಟಿದ್ಮೇಲೆ ಎದುರು ಮನೆ ವಕೀಲರ ಮನೆಗೆ ಫೋನ್ ಮಾಡು. ಹ್ಯಾಗಾದ್ರೂ ಮಾಡಿ ನಿಮ್ಮಪ್ಪನ್ನ ಅಲ್ಲಿಗೆ ಕರ್ಕೊಂಡ್ ಬರ್ತೀನಿ. ಒಂದು ಮಾತು, ಒಂದೇ ಮಾತು, ಅವಳ ಜೊತೆ ಆಡ್ಬಿಡ್ಲಿ. ನಂಗಿಷ್ಟೇ ಬೇಕಾಗಿರೋದು."

ಅಪ್ಪ ಪಕ್ಕದ ಕೋಣೆಯಲ್ಲೇ ಇದ್ದರು. ಪೇಪರಿನ ಹಾಳೆ ತಿರುವಿದ ಸದ್ದು ಕೇಳಿಸಿತು, ಅಷ್ಟೇ. ನಾನು ಆಟೋ ಹತ್ತುವಾಗ ಬಾಗಿಲಿಗೆ ಬಂದು, ಅಲ್ಲಿ ಚಳಿ ಜಾಸ್ತಿಯಂತೆ, ಕಿವಿಗೆ ಏನಾದರೂ ಕಟ್ಟಿಕೋ ಎಂದರು. ಫಿನ್ಲೆಂಡಿನ ಹವಾಮಾನದ ಬಗ್ಗೆ ಅವರಿಗೆ ಅಷ್ಟು ವಿವರ ಹೇಗೆ ಗೊತ್ತು ಎಂದು ನಾನು ಕೇಳಲಿಲ್ಲ.

ಹೆಲ್ಸಿಂಕಿ ವಿಮಾನ ನಿಲ್ದಾಣ

ಬೇರೆ ಪ್ರವಾಸಿಗರು ಈ ಜಾಗದಲ್ಲಿ ಮೋಡಗಳ ಮೇಲೆ ತೇಲಿದ ಅನುಭವ ಬರೆಯುತ್ತಾರೆ. ನನಗೆ ಕಿಟಕಿಯ ಸೀಟು ಸಿಗಲಿಲ್ಲ, ಆದ್ದರಿಂದ ಓದುಗರು ಬಚಾವು.

ಹೆಲ್ಸಿಂಕಿಯ ಕಸ್ಟಮ್ಸಿನವರು ಎಲ್ಲರನ್ನೂ ಬಿಟ್ಟು ನನ್ನ ಸೂಟ್‌ಕೇಸನ್ನೇ ತೆರೆಸಿದರು. ಅಧಿಕಾರಿ ಸೀಸೆ ಎತ್ತಿ ಇದೇನು ಎಂದ. ಮೆಡಿಸಿನ್, ಫಾರ್ ಡೆಲಿವರಿ ಎಂದೆ. ಯಾರಿಗೆ ಡೆಲಿವರಿ ಮಾಡಬೇಕು, ವಿಳಾಸ ಕೊಡಿ ಎಂದ. ನನ್ನ ತಂಗಿಗೆ ಎಂದೆ. ಅವಳು ಅದನ್ನು ಯಾರಿಗೆ ಮಾರುತ್ತಾಳೆ ಎಂದು ಕೇಳಿದ. ಅವಳು ಮಾರುವುದಿಲ್ಲ, ಡೆಲಿವರಿ ಅವಳದೇ ಎಂದು ನಾನು ಹೊಟ್ಟೆಯ ಮುಂದೆ ಕೈಯಿಂದ ದೊಡ್ಡ ಗೋಲ ಬರೆದು ತೋರಿಸಿದೆ. ಅವನು ನನ್ನ ಹೊಟ್ಟೆಯನ್ನೂ ಸೀಸೆಯನ್ನೂ ಒಮ್ಮೆ ನೋಡಿ, ಪಂಚೆಯ ತುಂಡು ಬಿಚ್ಚಿ, ಸರ್ಕಾರಿ ಶ್ರದ್ಧೆಯಿಂದ ಮೂಗಿನ ಹತ್ತಿರ ಒಯ್ದ.

ಆಮೇಲೆ ಅವನು ಸೀನಿದ. ಒಂದಲ್ಲ, ಎರಡಲ್ಲ, ಕಣ್ಣಲ್ಲಿ ನೀರು ಬರುವವರೆಗೆ ಸೀನಿದ. ಒಂಟಿ ಸೀನಾಗಿದ್ದರೆ ಅಪಶಕುನ. ಹೀಗೆ ಗುಂಪಾಗಿ ಬಂದರೆ ದೋಷವಿಲ್ಲ ಎಂದು ನಾನು ಧೈರ್ಯ ತಂದುಕೊಂಡೆ. ಅವನು ಸೀಸೆಯ ಬಾಯಿ ಕಟ್ಟಿ, ಇಂಥದ್ದನ್ನು ಯಾರೂ ಖುಷಿಗೆ ತೆಗೆದುಕೊಳ್ಳುವ ಸಾಧ್ಯತೆ ಇಲ್ಲ ಎಂದು ನಿರ್ಧರಿಸಿದವನಂತೆ ಹೋಗು ಎಂದು ಕೈ ಬೀಸಿದ.

ಬೀಗರ ಮನೆ

ಯೂಹಾನ ಊರು ಕಾಡಿನ ನಡುವೆ ಇದೆ. ಊರು ಎಂಬುದು ಮರ್ಯಾದೆಯ ಮಾತು. ಅಲ್ಲಿದ್ದದ್ದು ಒಂದು ಕೆರೆ, ಒಂದು ಮರದ ಮನೆ, ಕಣ್ಣು ಕಿರಿದು ಮಾಡಿ ನೋಡಿದರೆ ದೂರದಲ್ಲಿ ಇನ್ನೊಂದು ಮನೆ. ಆ ಇನ್ನೊಂದು ಮನೆ ಕಟ್ಟಿದಾಗ, ಊರು ಜನಜಂಗುಳಿಯಾಗುತ್ತಿದೆ ಎಂದು ಬೀಗರು ಬೇಸರ ಮಾಡಿಕೊಂಡಿದ್ದರಂತೆ.

ಬೀಗರೆಂದರೆ ಯೂಹಾನ ತಂದೆ ತೌನೊ. ಹೆಂಡತಿ ತೀರಿಕೊಂಡಿದ್ದರು. ಎತ್ತರದ ಮನುಷ್ಯ, ಕೈಗಳು ಒನಕೆಯಷ್ಟು ದಪ್ಪ. ಕನ್ನಡದಲ್ಲಿ ಗಂಡು ಹೆಣ್ಣಿನ ಕಡೆಯವರು ಪರಸ್ಪರ ಬೀಗರು ಎಂದು ಯಾಕೆ ಕರೆದುಕೊಳ್ಳುತ್ತಾರೆ ಎಂಬುದು ಆ ಮನೆಯಲ್ಲಿ ನನಗೆ ಅರ್ಥವಾಯಿತು. ಬಾಯಿಗೆ ಬೀಗ. ಕೀಲಿಕೈ ಎಲ್ಲೋ ಕೆರೆಯಲ್ಲಿ ಬಿದ್ದುಹೋಗಿತ್ತು. ನನ್ನನ್ನು ಕಂಡು ಅವರು ತಲೆ ಆಡಿಸಿದರು, ಕೈ ಕುಲುಕಿದರು, ಕಾಫಿ ಕೊಟ್ಟರು, ಮತ್ತೆ ಕಾಫಿ ಕೊಟ್ಟರು. ಇದು ಭಾರೀ ಸ್ವಾಗತ, ಇಷ್ಟು ಮಾತಾಡಿದ್ದು ನಾವು ಮದುವೆಯಾಗಿ ಬಂದಾಗಲೂ ಇಲ್ಲ ಎಂದಳು ಶೈಲಾ. ಆವರೆಗೆ ಅವರು ಒಂದೇ ಒಂದು ಪದ ಆಡಿದ್ದನ್ನು ನಾನು ಕೇಳಿರಲಿಲ್ಲ.

ನಮ್ಮ ಮನೆಯ ಒಂದು ಪಕ್ಕಕ್ಕೆ ಬೈಂಡಿಂಗ್ ಶಾಪು, ಇನ್ನೊಂದು ಪಕ್ಕಕ್ಕೆ ಪ್ರೈಮರಿ ಸ್ಕೂಲು, ಹಿಂದೆ ಪಾತ್ರೆಗೆ ಕಲಾಯಿ ಹಾಕುವವರು. ಸುಪ್ರಭಾತ, ಆಜಾನ್, ಮಗ್ಗಿ, ಸುತ್ತಿಗೆ, ಎಲ್ಲ ಸೇರಿದರೆ ಮಾತ್ರ ನಮಗೆ ಬೆಳಗಾಗುವುದು. ಆ ಕಾಡಿನಲ್ಲಿ ಮೊದಲ ಬೆಳಗ್ಗೆ ಎದ್ದಾಗ ನನಗೆ ಕಿವಿ ಕಿವುಡಾಯಿತೆಂದು ಗಾಬರಿಯಾಗಿ, ಚಪ್ಪಾಳೆ ತಟ್ಟಿ ನೋಡಿಕೊಂಡೆ. ಬೀಗರು ಬಾಗಿಲಲ್ಲಿ ಇಣುಕಿದರು. ಇದೂ ಯಾವುದೋ ಪೂಜೆ ಇರಬೇಕೆಂದು ತಿಳಿದು ಗೌರವದಿಂದ ಬಾಗಿಲು ಮುಂದೆ ಮಾಡಿಕೊಂಡು ಹೋದರು.

ಅಡುಗೆಮನೆ

ಅಡುಗೆಮನೆಯ ಮೇಜಿನ ಒಂದು ತುದಿ ಶೈಲಾಳದು, ಇನ್ನೊಂದು ತುದಿ ಬೀಗರದು. ಶೈಲಾಳ ತುದಿಯಲ್ಲಿ ಸಾಸಿವೆ ಡಬ್ಬ, ಬೀಗರ ತುದಿಯಲ್ಲಿ ತೋಟಾ. ಬಂದೂಕಿನ ತೋಟಾಗಳನ್ನು ಅವರು ಮನೆಯಲ್ಲೇ ತುಂಬುತ್ತಿದ್ದರು. ಹಾರಿಸಿ ಖಾಲಿಯಾದ ಹಿತ್ತಾಳೆ ಕೊಳವೆಗಳನ್ನು ಎಸೆಯದೆ ಆಯ್ದುಕೊಂಡು ಬಂದು, ತೊಳೆದು, ಉಜ್ಜಿ, ಸಾಲಾಗಿ ನಿಲ್ಲಿಸುವರು. ಗೌರಿ ಹಬ್ಬದ ಹಿಂದಿನ ದಿನ ನಮ್ಮಮ್ಮ ಪೂಜೆಪಾತ್ರೆಗಳನ್ನು ಜೋಡಿಸಿದಂತೆ ಕಾಣುತ್ತಿತ್ತು. ಒಂದು ಪುಟ್ಟ ತಕ್ಕಡಿ, ಕೈಯಲ್ಲಿ ಒತ್ತುವ ಒಂದು ಯಂತ್ರ. ಸಸ್ಯಾಹಾರಿ ಮನೆತನದ ನಾನು ಅದರ ಎದುರು ಕುಳಿತು ಅವಲಕ್ಕಿ ತಿನ್ನುತ್ತಿದ್ದೆ. ಪೂರ್ವಜರು ಮೇಲಿಂದ ನೋಡುತ್ತಿದ್ದರೆ ಅವರು ನೋಡುತ್ತಿದ್ದುದು ಚಾಮರಾಜಪೇಟೆಯ ಕಡೆಗೆಂದು ನಂಬಿದ್ದೇನೆ.

ಬೀಗರ ಶತ್ರು ಮೊಲ. ಮನೆಯ ಹಿಂದಿನ ಎಳೆ ಸೇಬಿನ ಗಿಡಗಳ ತೊಗಟೆಯನ್ನು ಮೊಲಗಳು ಕಡಿದು ಹಾಕುತ್ತಿದ್ದವು. ಮೊದಲು ಮಾಮೂಲಿ ತೋಟಾ ಹಾರಿಸುತ್ತಿದ್ದರಂತೆ. ಬಸುರಿ ಶೈಲಾ ಒಮ್ಮೆ ಆ ಸದ್ದಿಗೆ ಬೆಚ್ಚಿ ಕೈಯಲ್ಲಿದ್ದ ಹಾಲಿನ ಪಾತ್ರೆ ಬೀಳಿಸಿದಳು. ಅಂದಿನಿಂದ ಬೀಗರು ಸದ್ದಿಲ್ಲದ ತೋಟಾ ತಯಾರಿಗೆ ಕುಳಿತರು.

ಬಂದೂಕಿನ ತುದಿಗೆ ಸೈಲೆನ್ಸರ್ ತಿರುಗಿಸಿದರೆ ಸದ್ದು ಹೋಗುತ್ತದೆ ಎಂದೇ ನಾನು ತಿಳಿದಿದ್ದೆ. ಮೆಜೆಸ್ಟಿಕ್ಕಿನ ಟಾಕೀಸುಗಳಲ್ಲಿ ಖಳನಾಯಕರು ನನಗೆ ಕಲಿಸಿದ್ದು ಅಷ್ಟೇ. ಆ ದೇಶದಲ್ಲಿ ಬೇಟೆಗಾರರು ಸೈಲೆನ್ಸರನ್ನು ನಮ್ಮವರು ಕೊಡೆ ಇಟ್ಟುಕೊಂಡಷ್ಟು ಸಲೀಸಾಗಿ ಇಟ್ಟುಕೊಳ್ಳುತ್ತಾರೆ. ಆದರೆ ಅದೊಂದೇ ಸಾಲದಂತೆ. ಒಳಗಿನ ಮದ್ದಿನ ಸದ್ದನ್ನು ಅದು ನುಂಗುತ್ತದೆ. ಗುಂಡು ಶಬ್ದಕ್ಕಿಂತ ವೇಗವಾಗಿ ಓಡಿದರೆ ಗಾಳಿಯಲ್ಲಿ ತಾನೇ ಚಟಾರೆಂದು ಕೂಗಿಕೊಂಡು ಹೋಗುತ್ತದೆ. ಅದಕ್ಕೆ ಮದ್ದು ಕಡಿಮೆ ಮಾಡಿ ಗುಂಡನ್ನು ನಿಧಾನ ಮಾಡಬೇಕು. ಅಂಥ ನಿಧಾನದ ತೋಟಾ ಅಂಗಡಿಯಲ್ಲಿ ಸಿಗದು, ಮನೆಯಲ್ಲೇ ತುಂಬಿಕೊಳ್ಳಬೇಕು. ನಿಧಾನಕ್ಕೂ ಇಷ್ಟು ಶ್ರಮ ಬೇಕೆಂದು ಸರ್ಕಾರಿ ನೌಕರರ ಮಗನಾದ ನನಗೆ ಗೊತ್ತಿರಲಿಲ್ಲ. ನಮ್ಮಲ್ಲಿ ಅದು ತಾನಾಗಿ ಬರುತ್ತದೆ.

ನಾವು ದೀಪಾವಳಿಗೆ ಮನೆ ನಡುಗುವಂತೆ ಗರ್ನಲು ಹೊಡೆದು, ಎದುರು ಮನೆಯವರ ಗರ್ನಲು ಇನ್ನೂ ಜೋರೆಂದು ಕೊರಗುವ ಜನ. ಇಲ್ಲೊಬ್ಬ ಮನುಷ್ಯ ಸದ್ದು ಕಳೆಯುವುದಕ್ಕೆ ಸಂಜೆಗಟ್ಟಲೆ ಕುಳಿತಿದ್ದಾನೆ. ಅದೂ ಎಂಥ ಮಡಿಯಲ್ಲಿ! ಕೈ ತೊಳೆಯದೆ ಮೇಜಿನ ಆ ತುದಿ ಮುಟ್ಟುವಂತಿಲ್ಲ, ಒಲೆ ಹೊತ್ತಿಸುವಂತಿಲ್ಲ, ಮಾತಾಡುವಂತಿಲ್ಲ. ನಮ್ಮಜ್ಜಿ ಒದ್ದೆ ಸೀರೆಯಲ್ಲಿ ಅನ್ನಕ್ಕಿಡುವಾಗಲೂ ಇಷ್ಟು ಕಟ್ಟುನಿಟ್ಟು ಇರಲಿಲ್ಲ. ನಡುವೆ ಯಾರಾದರೂ ಮಾತಾಡಿದರೆ, ಲೆಕ್ಕ ತಪ್ಪಿರಬಹುದೆಂದು ಬೀಗರು ತುಂಬಿದ್ದೆಲ್ಲವನ್ನೂ ಡಬ್ಬಕ್ಕೆ ಸುರಿದು ಮೊದಲಿಂದ ಶುರು ಮಾಡುವರು. ಮೊದಲ ಸಂಜೆ ನಾನು ಬೆಂಗಳೂರಿನ ಹವೆಯ ಬಗ್ಗೆ ಹೇಳಿದೆ, ಸುರಿದರು. ಗಾಂಧಿ ಬಜಾರಿನ ದೋಸೆಯ ಬಗ್ಗೆ ಹೇಳಿದೆ, ಸುರಿದರು. ಶೈಲಾ ಬಂದು ನನ್ನನ್ನು ಎಬ್ಬಿಸಿಕೊಂಡು ಹೋದಳು.

ನನ್ನ ಮೇಲೆ ಕರುಣೆಯಿಂದಲೋ ಏನೋ, ಮರುದಿನ ಬೀಗರು ಮದ್ದಿನ ಡಬ್ಬ ತೋರಿಸಿ, ಇದಕ್ಕೆ ನಿಮ್ಮ ಭಾಷೆಯಲ್ಲಿ ಏನನ್ನುತ್ತಾರೆ ಎಂದು ಶೈಲಾಳ ಮೂಲಕ ಕೇಳಿದರು. ಮದ್ದು ಎಂದೆ.

"ಮದ್ದು," ಎಂದರು ಬೀಗರು. ಅವರ ಭಾಷೆಯಲ್ಲೂ ಹೀಗೆ ಒತ್ತಕ್ಷರದ ಹಬ್ಬವೇ ಆದ್ದರಿಂದ ಸಲೀಸಾಗಿ ಬಂತು. ಇನ್ನೊಮ್ಮೆ ಹೇಳಿದರು. ಅದು ಅವರು ಕಲಿತ ಮೊದಲ ಕನ್ನಡ ಪದ, ಕೊನೆಯದೂ ಅದೇ. ಆ ದಿನ ಅವರು ಅದನ್ನು ಎಷ್ಟು ಸಲ ಹೇಳಿದರೆಂದರೆ, ಅವರಿಗೆ ಜ್ವರವಾ ಎಂದು ಯೂಹಾ ಕೇಳಿದ. ಕನ್ನಡದಲ್ಲಿ ಔಷಧಿಗೂ ಮದ್ದೇ, ಬಂದೂಕಿನ ಪುಡಿಗೂ ಮದ್ದೇ, ಸೊಸೆ ಗಂಡನ ಅನ್ನದಲ್ಲಿ ಇಟ್ಟಳೆಂದು ಅತ್ತೆ ಅನುಮಾನಿಸುವುದೂ ಮದ್ದೇ ಎಂಬ ವಿವರಕ್ಕೆ ನಾನು ಹೋಗಲಿಲ್ಲ. ಹೋಗಬೇಕಿತ್ತು.

ಸೌನಾ

ಶನಿವಾರ ಸೌನಾ. ನಮ್ಮ ಎಣ್ಣೆನೀರಿನಂತೆಯೇ, ಎಣ್ಣೆ ಇಲ್ಲ, ನೀರು ಇಲ್ಲ, ಬಟ್ಟೆಯೂ ಇಲ್ಲ. ನಾನು ಚೌಕ ಬಿಡಲಿಲ್ಲ. ಆ ಆವಿಯ ಕೋಣೆಯಲ್ಲಿ ಇಡ್ಲಿಯ ಕಷ್ಟ ಏನೆಂದು ನನಗೆ ತಿಳಿಯಿತು.

ಬೀಗರು ಹರಕು ಇಂಗ್ಲಿಷಿನಲ್ಲಿ, ನಿಮ್ಮ ತಂದೆ ಬೇಟೆ ಆಡುತ್ತಾರಾ ಎಂದು ಕೇಳಿದರು. ಇಲ್ಲ, ಸುಮ್ಮನಿರುತ್ತಾರೆ ಎಂದೆ. ಒಳ್ಳೆಯ ಮನುಷ್ಯ ಎಂದರು. ಮಗಳ ಜೊತೆಯೂ ಸುಮ್ಮನಿದ್ದಾರೆ, ಮದುವೆಯಾದಾಗಿನಿಂದ ಒಂದು ಮಾತೂ ಆಡಿಲ್ಲ ಎಂದೆ. ಬೀಗರು ಕಲ್ಲುಗಳ ಮೇಲೆ ಒಂದು ಸೌಟು ನೀರು ಹಾಕಿದರು. ಆವಿ ಭುಸ್ಸೆಂದಿತು. ತುಂಬಾ ಹೊತ್ತಿನ ಮೇಲೆ, ಅದು ಬೇರೆ ಥರದ ಸುಮ್ಮನಿರುವುದು, ಅದು ಒಳ್ಳೆಯದಲ್ಲ ಎಂದರು. ಅಷ್ಟು ದೊಡ್ಡ ಭಾಷಣ ಮಾಡಿ ಸುಸ್ತಾದವರಂತೆ ಹೊರಗೆ ಹೋಗಿ ಕೆರೆಗೆ ಹಾರಿದರು.

ರವೆ

ಶೈಲಾಳಿಗೆ ಉಪ್ಪಿಟ್ಟು ತಿನ್ನುವ ಆಸೆಯಾಯಿತು. ಬಸುರಿಯ ಬಯಕೆ ತೀರಿಸಲೆಂದೇ ತವರಿನಿಂದ ಬಂದವನು ನಾನು. ಬೀರುವಿನ ಮೂಲೆಯಲ್ಲಿ ಒಂದು ಡಬ್ಬದಲ್ಲಿ ಒಳ್ಳೇ ರವೆ ಇತ್ತು. ಹುರಿದು, ಒಗ್ಗರಣೆ ಹಾಕಿ, ಅಷ್ಟನ್ನೂ ಮಾಡಿ ಬಡಿಸಿದೆ. ಬೀಗರೂ ಎರಡು ಸಲ ಹಾಕಿಸಿಕೊಂಡರು. ಆಮೇಲೆ ಡಬ್ಬ ನೋಡಿ, ತಟ್ಟೆ ನೋಡಿ, ನನ್ನನ್ನು ನೋಡಿದರು.

ಅದು ತೋಟಾಗಳಿಗೆಂದು ಇಟ್ಟ ರವೆ. ಮದ್ದು ಕಡಿಮೆ ಹಾಕಿದಾಗ ಕೊಳವೆಯೊಳಗೆ ಖಾಲಿ ಜಾಗ ಉಳಿಯುತ್ತದೆ. ಮದ್ದು ಹೊರಳಾಡದಿರಲೆಂದು ಮೇಲೆ ಹಗುರವಾದದ್ದೇನನ್ನಾದರೂ ತುಂಬುವುದು ಅವರ ಪದ್ಧತಿ. ನಾನು ಅವರ ಶಸ್ತ್ರಾಗಾರವನ್ನು ಒಗ್ಗರಣೆ ಹಾಕಿ ಬೀಗರಿಗೇ ಬಡಿಸಿದ್ದೆ. ಅಂಗಡಿ ಊರಾಚೆ ಎಲ್ಲೋ ಇತ್ತು, ಕಾರು ಯೂಹಾ ಒಯ್ದಿದ್ದ. ಹಿತ್ತಲಲ್ಲಿ ಮೊಲ ಕುಳಿತು ತೊಗಟೆ ಮೇಯುತ್ತಿತ್ತು.

ಆ ಮಧ್ಯಾಹ್ನ ನಾನು ಕಿಟಕಿಯ ಕಡೆ ಮುಖ ಮಾಡಿ ಹುಳಿಗೆ ಈರುಳ್ಳಿ ಹೆಚ್ಚುತ್ತಿದ್ದೆ. ಕಣ್ಣಲ್ಲಿ ಧಾರೆ. ಬೀಗರು ಬೆನ್ನ ಹಿಂದೆ ಮಡಿಯಲ್ಲಿ ಕುಳಿತಿದ್ದರು. ಸ್ವಲ್ಪ ಹೊತ್ತಿಗೆ ಏನೋ ಎತ್ತಿಕೊಂಡ ಸದ್ದಾಯಿತು.

"ಮದ್ದು?" ಎಂದು ಕೇಳಿದರು.

ಮಡಿ ಮುರಿದು ತಾವಾಗಿಯೇ ಮಾತಾಡಿದರಲ್ಲ ಎಂದು ನನಗೆ ಸಂತೋಷ. ಕಲಿತ ಪಾಠ ಒಪ್ಪಿಸುತ್ತಿದ್ದಾರೆ ಎಂದುಕೊಂಡೆ. ತಿರುಗಿ ನೋಡಲಿಲ್ಲ.

"ಹ್ಞೂ, ಮದ್ದು. ಒಳ್ಳೇ ಮದ್ದು. ನೋ ಪ್ರಾಬ್ಲಮ್," ಎಂದು ತಲೆ ಆಡಿಸಿದೆ.

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಅವರ ಕೈಯಲ್ಲಿದ್ದದ್ದು ಅಮ್ಮ ಕೊಟ್ಟ ಸೀಸೆ. ಪುಡಿ ಒಣಗಿತ್ತು, ಹಗುರವಿತ್ತು, ಅದರ ಹೆಸರೂ ಮದ್ದು ಎಂದು ಶೈಲಾ ಹೇಳಿದ್ದು ಅವರ ಕಿವಿಗೆ ಬಿದ್ದಿತ್ತು. ಒಂದು ಕಾಳು ಹೆಚ್ಚು ಕಡಿಮೆಯಾದರೆ ಎಲ್ಲ ಸುರಿದು ಮೊದಲಿಂದ ಶುರು ಮಾಡುವ ಆ ಮನುಷ್ಯ ರವೆಯ ಜಾಗಕ್ಕೆ ಗೊತ್ತಿಲ್ಲದ ಪುಡಿ ಯಾಕೆ ತುಂಬಿದರು ಎಂದು ಆಮೇಲೆ ಕೇಳಿಸಿದೆ. ನೀವು ಬೀಗರು, ಒಳ್ಳೇದು ಅಂದಿರಿ, ಅದರ ಮೇಲೆ ಸಂಶಯ ಪಡುವುದು ಹೇಗೆ ಎಂದರಂತೆ. ಮದುವೆಯಲ್ಲಿ ಪಾಯಸಕ್ಕೆ ಸಕ್ಕರೆ ಸಾಲದು ಎಂದು ಮುನಿಸಿಕೊಂಡು ಹೋಗುವ ನಮ್ಮ ಬೀಗರು ಇದನ್ನು ಓದಬೇಕು.

ಸೇಬಿನ ಗಿಡಗಳ ಹತ್ತಿರ

ಸಂಜೆಯ ಬಿಸಿಲಿನಲ್ಲಿ ಬೀಗರು ಕಟ್ಟಿಗೆಮನೆಯ ಗೋಡೆಗೆ ಒರಗಿ ಕುಳಿತರು. ನಾನು ಅವರ ಪಕ್ಕ. ಶೈಲಾ ಹಿಂಬಾಗಿಲ ಮೆಟ್ಟಿಲ ಮೇಲೆ ಶಾಲು ಹೊದ್ದು ನಿಂತಿದ್ದಳು. ಮೊಲ ಬಂತು. ಅಂಗೈ ಅಗಲದ ಪ್ರಾಣಿಗೆ ಅಷ್ಟುದ್ದದ ಬಂದೂಕು. ಗುಬ್ಬಿಯ ಮೇಲೆ ಬ್ರಹ್ಮಾಸ್ತ್ರ ಎಂದುಕೊಂಡೆ. ಬಾಯಿಬಿಟ್ಟು ಹೇಳಲಿಲ್ಲ, ನಾನೂ ಕಲಿಯುತ್ತಿದ್ದೆ.

ಬೀಗರು ಬಂದೂಕಿನ ಕುದುರೆ ಒತ್ತಿದರು. ಸದ್ದು ಆಗಲೇ ಇಲ್ಲ ಎನ್ನಬೇಕು; ಯಾರೋ ದಪ್ಪ ಪುಸ್ತಕ ಮುಚ್ಚಿದಂತೆ ಒಂದು ಟಪ್. ಗುಂಡು ಗಿಡದ ಪಕ್ಕದ ಹಲಗೆಗೆ ಬಡಿಯಿತು. ಮೊಲ ತಲೆ ಎತ್ತಿ, ಇಷ್ಟೇನಾ ಎಂಬಂತೆ ನಮ್ಮನ್ನು ನೋಡಿ, ಮತ್ತೆ ತಿನ್ನತೊಡಗಿತು. ತಿಂಗಳುಗಟ್ಟಲೆ ಪಟ್ಟ ಪಾಡಿಗೆ ಫಲ ಸಿಕ್ಕಿತ್ತು. ಬೀಗರ ಮುಖದಲ್ಲಿ ನಗುವಿನಂಥದ್ದೇನೋ ಹುಟ್ಟುತ್ತಿತ್ತು.

ಅಷ್ಟರಲ್ಲಿ ಹೊಗೆ ನಮ್ಮ ಕಡೆ ತಿರುಗಿತು. ಹುರಿದ ಮೆಣಸು, ಶುಂಠಿ, ಹಿಪ್ಪಲಿ. ಬೀಗರು ಸೀನಿದರು. ಅದು ಸೀನಲ್ಲ, ಗರ್ನಲು. ಅಷ್ಟು ವರ್ಷ ಒಳಗಿಟ್ಟುಕೊಂಡ ಸದ್ದೆಲ್ಲ ಮೂಗಿನಿಂದ ಹೊರಬಂದಂತಿತ್ತು. ನಾನೂ ಸೀನಿದೆ. ಇಬ್ಬರೂ ಸರದಿಯ ಮೇಲೆ ಸೀನಿದೆವು. ಕಾಡೆಲ್ಲ ಮೊಳಗಿತು, ಹಕ್ಕಿಗಳು ಎದ್ದವು, ಮೊಲ ಮಂಗಮಾಯ. ದೂರದ ಆ ಇನ್ನೊಂದು ಮನೆಯವನು ಬಾಗಿಲು ತೆಗೆದು ನೋಡಿದ. ಅವನನ್ನು ನಾನು ಕಂಡದ್ದು ಅದೊಂದೇ ಸಲ.

ವಾಸನೆ ಮೂಗಿಗೆ ಹತ್ತಿದ ಗಳಿಗೆಯೇ ನನಗೆ ಎಲ್ಲ ಅರ್ಥವಾಯಿತು. ಓಡಿಹೋಗಿ ಸೀಸೆ ನೋಡಿದೆ. ಅರ್ಧ ಖಾಲಿ. ಮಣಿಕಟ್ಟು ನೋಯುವ ಅಮ್ಮ ವಾರವಿಡೀ ಕುಟ್ಟಿದ್ದನ್ನು ನಾನು ತಲೆ ಆಡಿಸಿ ಬಂದೂಕಿನಲ್ಲಿ ಹಾರಿಸಿಬಿಟ್ಟಿದ್ದೆ.

ಹೊರಗೆ ಬಂದರೆ ಶೈಲಾ ಗಿಡಗಳ ಹತ್ತಿರ ನಿಂತು, ಕಣ್ಣು ಮುಚ್ಚಿ ಗಾಳಿ ಎಳೆದುಕೊಳ್ಳುತ್ತಿದ್ದಳು. ಮೊದಲು ನಕ್ಕಳು. ಹೊಟ್ಟೆ ಹಿಡಿದುಕೊಂಡು, ಕುಳಿತುಕೊಳ್ಳುವಷ್ಟು ನಕ್ಕಳು. ನಗುನಗುತ್ತಲೇ ಅಳು ಬಂತು.

"ನಮ್ಮನೆ ವಾಸ್ನೆ ಕಣೋ ಅಣ್ಣ," ಎಂದಳು. "ಹಿತ್ಲ ಬಾಗ್ಲು ತೆಗೆದ ಹಾಗಾಯ್ತು."

ಬೀಗರಿಗೆ ಅವಳು ವಿಷಯ ತಿಳಿಸಿದಳು. ಅವರು ಬಂದೂಕು ಒರಗಿಸಿ, ಟೋಪಿ ತೆಗೆದು ನಿಂತರು. ಬಾಣಂತಿಯ ಔಷಧಿ ಎಂದು ಗೊತ್ತಾದಾಗ ಅವರ ಮುಖ ಹೇಗಾಯಿತೆಂದರೆ, ನಾನು ಅಮ್ಮನ ವಿಷಯ ಮರೆತು ಅವರಿಗೇ ಸಮಾಧಾನ ಹೇಳಬೇಕಾಯಿತು. ಆ ರಾತ್ರಿ ಅವರು ಉಳಿದ ತೋಟಾಗಳನ್ನು ಒಂದೊಂದಾಗಿ ಬಿಚ್ಚಿ, ಎರಡು ಮದ್ದನ್ನೂ ಬೇರ್ಪಡಿಸಲು ಕುಳಿತರು. ಅದು ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಕೆಲಸ. ಬಂದೂಕಿನ ಪುಡಿ ಬೆರೆತದ್ದನ್ನು ಯಾವ ಬಾಣಂತಿಗೆ ಕೊಡುವುದು? ಮರುದಿನ ಪೇಟೆಗೆ ಹೋಗಿ ಸಿಕ್ಕಷ್ಟು ಶುಂಠಿ, ಮೆಣಸು ತಂದು, ತಮ್ಮ ಅಜ್ಜಿಯ ಕಾಲದ ಕಲ್ಲಿನ ಕುಟ್ಟಾಣಿ ಹೊರತೆಗೆದು ಕುಟ್ಟತೊಡಗಿದರು. ಸದ್ದಾಗಬಾರದೆಂದು ಅಡಿಗೆ ಕಂಬಳಿ ಹಾಕಿಕೊಂಡಿದ್ದರು. ಆದರೂ ಧಬ್ ಧಬ್ ಎಂದು ಮನೆಯೆಲ್ಲ ಕೇಳಿಸುತ್ತಿತ್ತು. ಅದೇ ಸದ್ದಿಗೆ ನನಗೆ ಆ ದೇಶದಲ್ಲಿ ಮೊದಲ ಬಾರಿ ಸೊಗಸಾಗಿ ನಿದ್ದೆ ಬಂತು.

ಫೋನು

ಹೆಣ್ಣು ಮಗು. ಆಸ್ಪತ್ರೆಯಲ್ಲಿ ಗಂಡಸರನ್ನೂ ಹೆರಿಗೆ ಕೋಣೆಯೊಳಗೆ ಬಿಡುತ್ತಾರೆಂದು ತಿಳಿದಾಗ ನಾನು ಕಾಫಿ ಕುಡಿಯಲು ಹೋಗಿ, ಎಲ್ಲ ಮುಗಿದ ಮೇಲೆ ಬಂದೆ. ಬಾಣಂತನಕ್ಕೆ ನನ್ನ ಕೊಡುಗೆ ಹೀಗಿತ್ತು. ಮಗು ಮನೆಗೆ ಬಂದ ದಿನದಿಂದ ಚಾಮರಾಜಪೇಟೆಯ ಗಂಟಲಿನಲ್ಲಿ ಅಳತೊಡಗಿತು. ಸದ್ದಡಗಿಸಲು ಅಷ್ಟು ಪಾಡುಪಟ್ಟ ಬೀಗರು ತೊಟ್ಟಿಲ ಪಕ್ಕ ಕುರ್ಚಿ ಹಾಕಿಕೊಂಡು, ಸಂಗೀತ ಕಚೇರಿ ಕೇಳುವವರಂತೆ ಕುಳಿತರು.

ಯೂಹಾ ವಕೀಲರ ಮನೆಗೆ ಕಾಲ್ ಬುಕ್ ಮಾಡಿದ. ಅರ್ಧ ದಿನ ಕಾದ ಮೇಲೆ ಲೈನು ಸಿಕ್ಕಿತು. ಅಮ್ಮನ ದನಿ ಕೇಳಿಸಿತು. ಅವಳು ಫೋನನ್ನು ನಂಬುವವಳಲ್ಲ. ನೇರವಾಗಿ ಫಿನ್ಲೆಂಡಿಗೆ ಕೇಳಿಸುವಂತೆ ಕೂಗುತ್ತಿದ್ದಳು. ಶೈಲಾ ರಿಸೀವರನ್ನು ಕಿವಿಯಿಂದ ದೂರ ಹಿಡಿದಳು. ಆ ನಿಶ್ಶಬ್ದದ ಮನೆಯಲ್ಲಿ ಪ್ರತಿ ಮಾತೂ ನಮಗೆಲ್ಲ ಕೇಳಿಸುತ್ತಿತ್ತು. ಮೂಗು ಯಾರ ಥರ, ಕೂದಲು ಎಷ್ಟಿದೆ, ತಲೆಗೆ ಎಣ್ಣೆ ಒತ್ತಿದೆಯಾ. ಆಮೇಲೆ ಅಮ್ಮನ ದನಿ ಬೇರೆ ಕಡೆ ತಿರುಗಿತು.

"ಇಲ್ಲೇ ಇದ್ದಾರೆ, ಬಂದಿದ್ದಾರೆ. ತಗೊಳ್ಳಿ ಅಂದ್ರೆ."

ಲೈನು ಸುಮ್ಮನಾಯಿತು. ಕರಕರ ಎನ್ನುವ ಸದ್ದು, ನಡುವೆ ಅಪ್ಪನ ಕೆಮ್ಮು. ಆ ಕೆಮ್ಮು ನಮಗೆ ಗೊತ್ತು. ಶೈಲಾ ರಿಸೀವರನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು. ಲೈನು ಕತ್ತರಿಸಿ ಹೋಗುತ್ತದೆ ಎಂದು ನಾನು ಒಳಗೊಳಗೇ ಸತ್ತೆ. ಕುಟ್ಟಾಣಿಯ ಮುಂದಿದ್ದ ಬೀಗರು ಕೈ ನಿಲ್ಲಿಸಿದರು. ಈ 'ಸುಮ್ಮನೆ' ಯಾವ ಥರದ್ದೆಂದು ಕೇಳಿಸಿಕೊಳ್ಳುತ್ತಿದ್ದರೋ ಏನೋ.

"ಮದ್ದು ನುಣ್ಣಗಿತ್ತಾ?" ಎಂದರು ಅಪ್ಪ.

ಶೈಲಾ ಗೋಡೆಗೆ ಒರಗಿಕೊಂಡಳು.

"ಗಂಟಲಿಗೆ ಒರಟು ಹತ್ತಲಿಲ್ಲ ತಾನೆ? ಹಿಪ್ಪಲಿ ಸರಿಯಾಗಿ ನುರಿಯಲ್ಲ ಅದು. ನಿಮ್ಮಮ್ಮನ ಕೈಲಿ ಆಗ್ತಿರಲಿಲ್ಲ. ಪಂಚೇಲಿ ಎರಡು ಸಲ ಸೋಸಿದೆ."

ತೋಳಿಗೆ ಅಮೃತಾಂಜನ ಹಚ್ಚಿಕೊಂಡು ತಿರುಗುತ್ತಿದ್ದ ಮನುಷ್ಯ ನನ್ನ ಕಣ್ಣ ಮುಂದೆ ಬಂದು ನಿಂತರು. ನ್ಯೂಸ್‌ಪೇಪರ್ ಎಂದಿದ್ದೆ ನಾನು. ಎಲ್ಲಿಯಾದರೂ ಮುಖ ಮುಚ್ಚಿಕೊಳ್ಳೋಣ ಎನ್ನಿಸಿತು.

"ನುಣ್ಣಗಿತ್ತಪ್ಪ," ಎಂದಳು ಶೈಲಾ. "ತುಂಬಾ ನುಣ್ಣಗಿತ್ತು."

"ಹ್ಞಾ. ಮುಗಿದ್ರೆ ಹೇಳು ಶೈಲೂ. ಕುಟ್ಟಿ ಕಳಿಸ್ತೀನಿ."

ಶೈಲಾ ತಲೆ ಎತ್ತಿ ನನ್ನನ್ನು ನೋಡಿದಳು, ಬೀಗರನ್ನು ನೋಡಿದಳು. ಅರ್ಧ ಸೀಸೆ ಎಲ್ಲಿ ಹೋಯಿತೆಂದು ಹೇಳಲಿಲ್ಲ. ಸೆರಗಿನಿಂದ ಮೂಗು ಒರೆಸಿಕೊಂಡಳು.

"ಮುಗೀತಾ ಬಂತಪ್ಪ," ಎಂದಳು. "ಬೇಗ ಕಳ್ಸು."